ಗೊತ್ತಿದ್ದೂ ಮಾಡಲಾಗದ ಮಗು: ಕಾರ್ಯನಿರ್ವಾಹಕ ಕೌಶಲಗಳಿಗೆ ಆಕ್ಯುಪೇಷನಲ್ ಥೆರಪಿಯ ದಾರಿ

"ಶೂ ಹಾಕ್ಕೋ, ನೀರಿನ ಬಾಟಲಿ ತಗೋ, ಬ್ಯಾಗ್ ಹಿಡ್ಕೊಂಡು ಬಾಗಿಲ ಹತ್ರ ಬಾ." ಏಳು ವರ್ಷದ ಮಗು ಹೂಂ ಅನ್ನುತ್ತದೆ, ಎದ್ದೂ ಹೋಗುತ್ತದೆ. ಐದು ನಿಮಿಷ ಬಿಟ್ಟು ನೋಡಿದರೆ ಒಂದು ಕಾಲಿಗೆ ಸಾಕ್ಸ್, ಇನ್ನೊಂದು ಸಾಕ್ಸ್ ಕೈಯಲ್ಲಿ, ಕಣ್ಣು ಮಾತ್ರ ಮಂಚದ ಕೆಳಗೆ ಕಂಡ ಆಟದ ಕಾರಿನ ಮೇಲೆ. ಆಮೇಲೆ ಬರುವ ಮಾತು ಎಲ್ಲ ಮನೆಗಳಲ್ಲೂ ಒಂದೇ: "ಎಷ್ಟು ಸಲ ಹೇಳಬೇಕು ನಿನಗೆ?"

ಮಗುವಿಗೆ ಮಾತು ಕೇಳಿಸಿದೆ, ಅರ್ಥವಾಗಿದೆ, ಮಾಡುವ ಮನಸ್ಸೂ ಇತ್ತು. ಮನಸ್ಸಿನಿಂದ ಕೆಲಸದವರೆಗಿನ ದಾರಿಯನ್ನು ನಡೆಸಿಕೊಡುವುದು ಕಾರ್ಯನಿರ್ವಾಹಕ ಕೌಶಲಗಳು, ಅಂದರೆ ಎಕ್ಸಿಕ್ಯುಟಿವ್ ಫಂಕ್ಷನ್. ಇವುಗಳಲ್ಲಿ ಮೂಲವಾದವು ಮೂರು: ಮಾಡಬೇಕಾದ್ದನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ಕಾರ್ಯಸ್ಮೃತಿ, ಸೆಳೆತವನ್ನು ತಡೆಯುವ ನಿಗ್ರಹ, ಒಂದರಿಂದ ಇನ್ನೊಂದಕ್ಕೆ ಹೊರಳುವ ಹೊಂದಿಕೊಳ್ಳುವಿಕೆ. ಯೋಜನೆ, ಸಮಯದ ಅಂದಾಜು, ಕೆಲಸ ಶುರು ಮಾಡುವುದು, ಸಾಮಾನು ಜೋಡಿಸಿಕೊಳ್ಳುವುದು ಎಲ್ಲವೂ ಈ ಮೂರರ ಮೇಲೆ ನಿಂತಿವೆ. ಇವನ್ನು ನಡೆಸುವುದರಲ್ಲಿ ಮುಖ್ಯ ಪಾಲು ಮಿದುಳಿನ ಮುಂಭಾಗದ್ದು. ಆ ಭಾಗ ಪೂರ್ತಿ ಮಾಗುವುದು ಇಪ್ಪತ್ತರ ಮಧ್ಯದ ವಯಸ್ಸಿನಲ್ಲಿ.

ಗೊತ್ತಿರುವುದು ಬೇರೆ, ಮಾಡಲಾಗುವುದು ಬೇರೆ ಎಂಬುದನ್ನು ಒಂದು ಸಣ್ಣ ಪರೀಕ್ಷೆಯಲ್ಲಿ ಕಣ್ಣಾರೆ ನೋಡಬಹುದು. ಕೆಂಪು ಮೊಲ, ನೀಲಿ ಮೊಲ, ಕೆಂಪು ದೋಣಿ, ನೀಲಿ ದೋಣಿಯಂಥ ಚಿತ್ರಗಳಿರುವ ಕಾರ್ಡುಗಳನ್ನು ಮೂರು ವರ್ಷದ ಮಗುವಿಗೆ ಮೊದಲು ಬಣ್ಣದ ಪ್ರಕಾರ ಬೇರ್ಪಡಿಸಲು ಹೇಳಿ. ಸಲೀಸಾಗಿ ಮಾಡುತ್ತದೆ. "ಈಗ ಚಿತ್ರದ ಪ್ರಕಾರ" ಎಂದರೆ, ಮೊಲ ಎಲ್ಲಿಗೆ ಹೋಗಬೇಕು ಎಂದು ಬಾಯಲ್ಲಿ ಸರಿಯಾಗಿ ಹೇಳಿ, ಕೈಯಲ್ಲಿ ಮತ್ತೆ ಬಣ್ಣದ ಗುಂಪಿಗೇ ಹಾಕುತ್ತದೆ. ಐದು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ನಿಯಮ ಬದಲಿಸಬಲ್ಲರು. ದೊಡ್ಡ ಮಗುವಿನ ಹೋಮ್‌ವರ್ಕ್ ಗಲಾಟೆಯೂ ಬಹುಪಾಲು ಇದೇ ಜಾತಿಯದು. ನಿಯಮವನ್ನು ಇನ್ನೊಂದು ಸಲ ವಿವರಿಸುವುದರಿಂದ ಅದು ಸರಿಹೋಗದು.

ಆಕ್ಯುಪೇಷನಲ್ ಥೆರಪಿಯ ನೆರವು ಇಲ್ಲಿ ಬರುತ್ತದೆ. ಈ ಚಿಕಿತ್ಸೆಯನ್ನೂ ಅದನ್ನು ಕೊಡುವವರನ್ನೂ ಓಟಿ ಎಂದೇ ಕರೆಯೋಣ. ಅದರ ಕೆಲಸ ದಿನನಿತ್ಯದ ಚಟುವಟಿಕೆಯನ್ನು ಬಿಡಿಸಿ ನೋಡಿ, ಮಗುವಿನ ತಲೆಯೊಳಗೆ ನಿಲ್ಲದ್ದನ್ನು ಅದರ ಕಣ್ಣೆದುರು, ಕೈಗೆ ಸಿಗುವ ಹಾಗೆ, ಕೆಲಸ ನಡೆಯುವ ಜಾಗದಲ್ಲೇ ಇಡುವುದು. ಇದರ ಬಹುಭಾಗವನ್ನು ಮನೆಯವರೇ ಮಾಡಬಹುದು.

ಮೊದಲ ಮೂರು ದಿನ: ಏನನ್ನೂ ಬದಲಿಸಬೇಡಿ, ಬರೆದಿಡಿ

ದಿನದ ಒಂದೇ ಹೊತ್ತನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಹೊರಡುವುದೋ, ಹೋಮ್‌ವರ್ಕೋ, ಮಲಗುವ ಸಿದ್ಧತೆಯೋ, ಯಾವುದಾದರೂ ಒಂದು. ಮೂರು ದಿನ ಇಷ್ಟನ್ನೇ ಗುರುತು ಮಾಡಿ: ಯಾವ ಹೆಜ್ಜೆಯಲ್ಲಿ ನಿಂತಿತು, ಆಗ ಮಗು ಏನು ಮಾಡುತ್ತಿತ್ತು, ಮತ್ತೆ ಹೊರಡಲು ಯಾವ ನೆರವು ಬೇಕಾಯಿತು.

ನಿಂತಾಗ "ನಾನು ಏನೇನು ಹೇಳಿದೆ?" ಎಂದು ಮೆಲ್ಲಗೆ ಕೇಳಿ. ಮೂರರಲ್ಲಿ ಒಂದನ್ನೇ ಹೇಳಿದರೆ ತೊಂದರೆ ಕಾರ್ಯಸ್ಮೃತಿಯಲ್ಲಿದೆ. ಮೂರನ್ನೂ ಹೇಳಿ ಕಾರಿನ ಕಡೆಯೇ ನೋಡುತ್ತಿದ್ದರೆ ತಡೆದುಕೊಳ್ಳುವುದರಲ್ಲಿ. ಹಿಡಿದ ಆಟ ಬಿಡಿಸಿದ ಕೂಡಲೇ ಅತ್ತು, ಐದು ನಿಮಿಷವಾದ ಮೇಲೆ ಎಲ್ಲವನ್ನೂ ತಾನೇ ಮಾಡಿದರೆ ಹೊರಳುವುದರಲ್ಲಿ. ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲದಕ್ಕೂ ಒಂದೇ ಸ್ಟಾರ್ ಚಾರ್ಟ್ ಅಂಟಿಸಿದರೆ ಎರಡು ವಾರದಲ್ಲಿ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಕಾರ್ಯನಿರ್ವಾಹಕ ಕೌಶಲದ ಕೊರತೆಯಂತೆ ಕಾಣುವ ಬೇರೆ ಕಾರಣಗಳೂ ಇವೆ. ಗುಂಡಿ ಹಾಕಲು ಬೆರಳು ಸಹಕರಿಸದ ಮಗು ಬಟ್ಟೆ ಹಾಕುವುದನ್ನೇ ಮುಂದೂಡುತ್ತದೆ. ಬರೆದರೆ ಕೈ ನೋಯುವ ಮಗು ಹೋಮ್‌ವರ್ಕ್ ಶುರು ಮಾಡುವುದಿಲ್ಲ. ಶ್ರವಣ, ದೃಷ್ಟಿ, ಆತಂಕ ಇವನ್ನೂ ನೋಡಿಸಬೇಕು. ನಿದ್ದೆಯ ಲೆಕ್ಕ ಹಾಕಿ: 3ರಿಂದ 5 ವರ್ಷದವರಿಗೆ ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ, 6ರಿಂದ 12ರವರಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ಬೇಕು. ನಿದ್ದೆಗೆಟ್ಟ ಮಗುವಿನ ಮೇಲೆ ಯಾವ ಚಾರ್ಟೂ ನಡೆಯದು. ಇದ್ದ ಕೌಶಲ ಇದ್ದಕ್ಕಿದ್ದಂತೆ ಹೋದರೆ, ಅಥವಾ ತಲೆಗೆ ಪೆಟ್ಟು ಬಿದ್ದ ಮೇಲೆ ಹೀಗಾಗಿದ್ದರೆ ಮೊದಲು ವೈದ್ಯರ ಬಳಿ ಹೋಗಿ. ಈ ಬರಹವನ್ನು ಆಮೇಲೆ ಓದಿದರಾಯಿತು.

ಗುರಿ ಒಂದೇ ಇರಲಿ, ಅಳೆಯುವಂತಿರಲಿ

"ಇನ್ನು ಮೇಲೆ ಶಿಸ್ತಾಗಿರಬೇಕು" ಎಂಬುದು ಗುರಿಯಲ್ಲ, ಬೈಗುಳದ ಇನ್ನೊಂದು ರೂಪ. ಗುರಿ ಹೀಗಿರಬೇಕು: "ರಾತ್ರಿ ಊಟವಾದ ಮೇಲೆ, ಚಿತ್ರದ ಪಟ್ಟಿ ನೋಡಿಕೊಂಡು, 10 ನಿಮಿಷದೊಳಗೆ ಶಾಲೆಯ ಬ್ಯಾಗ್ ಸಿದ್ಧ ಮಾಡುವುದು. ದೊಡ್ಡವರು ನೆನಪಿಸುವುದು ಹೆಚ್ಚೆಂದರೆ ಒಂದು ಸಲ. ವಾರದ ಐದು ಶಾಲಾ ದಿನಗಳಲ್ಲಿ ನಾಲ್ಕು ದಿನ." ಯಾವಾಗ, ಯಾವ ನೆರವಿನಿಂದ, ಎಷ್ಟು ಹೊತ್ತಿನಲ್ಲಿ, ಎಷ್ಟು ಸಲ ಎಂಬ ನಾಲ್ಕೂ ಅದರಲ್ಲಿವೆ.

ಗುರಿ ಆರಿಸುವಾಗ ಮಗುವನ್ನೂ ಕೂರಿಸಿಕೊಳ್ಳಿ. ಓಟಿಗಳು ಬಳಸುವ ಒಂದು ಅಳತೆಯಲ್ಲಿ ಎರಡು ಪ್ರಶ್ನೆ ಕೇಳಿ 1ರಿಂದ 10ರವರೆಗೆ ಅಂಕ ಹಾಕಿಸುತ್ತಾರೆ: ಇದನ್ನು ಈಗ ಎಷ್ಟು ಚೆನ್ನಾಗಿ ಮಾಡುತ್ತೀಯ, ಅದರ ಬಗ್ಗೆ ನಿನಗೆ ಎಷ್ಟು ಸಮಾಧಾನ. ಆರೇಳು ವಾರದ ಮೇಲೆ ಮತ್ತೆ ಕೇಳಿದಾಗ 2 ಅಂಕ ಏರಿದ್ದರೆ ಅದನ್ನು ನಿಜವಾದ ಬದಲಾವಣೆ ಎಂದು ಎಣಿಸುವುದು ರೂಢಿ. ಬೆಳಿಗ್ಗೆ ತಡವಾಗುವ ಚಿಂತೆ ನಿಮ್ಮದಾದರೆ, ತರಗತಿಯಲ್ಲಿ ಪುಸ್ತಕ ಇಲ್ಲದೆ ನಿಲ್ಲಬೇಕಾದ ಅವಮಾನ ಮಗುವಿನದು. ಅಂಥ ಕಡೆಯಿಂದ ಶುರು ಮಾಡಿದರೆ ಎಳೆದಾಟ ಕಡಿಮೆ.

ಬ್ಯಾಗ್ ಸಿದ್ಧ ಮಾಡುವುದು, ಹೆಜ್ಜೆ ಹೆಜ್ಜೆಯಾಗಿ

ಒಂದು ಕೆಲಸವನ್ನು ಪೂರ್ತಿ ಬಿಡಿಸಿ ನೋಡೋಣ. ಉಳಿದವನ್ನು ಇದೇ ಅಚ್ಚಿನಲ್ಲಿ ಮಾಡಿಕೊಳ್ಳಬಹುದು.

ಮೊದಲು ಮುಗಿದ ಕೆಲಸದ ಫೋಟೋ ಬೇಕು. ಪುಸ್ತಕ, ಪೆನ್ಸಿಲ್ ಡಬ್ಬಿ, ಡೈರಿ, ಊಟದ ಡಬ್ಬಿ, ನೀರಿನ ಬಾಟಲಿ ಎಲ್ಲವನ್ನೂ ನೆಲದ ಮೇಲೆ ಬ್ಯಾಗಿನ ಪಕ್ಕ ಹರಡಿ, ಮೇಲಿನಿಂದ ಒಂದು ಫೋಟೋ ತೆಗೆಯಿರಿ. ತುಂಬಿದ ಮೇಲೆ ಜಿಪ್ ತೆರೆದೇ ಇಟ್ಟು ಇನ್ನೊಂದು. ಫೋಟೋದಲ್ಲಿರುವುದು ಮಗುವಿನ ಸ್ವಂತ ಸಾಮಾನೇ ಆಗಿರಲಿ. ಇಂಟರ್ನೆಟ್‌ನಿಂದ ಇಳಿಸಿದ ಚಂದದ ಬಾಟಲಿಯ ಚಿತ್ರ ಕಂಡರೆ ಸಣ್ಣ ಮಕ್ಕಳಿಗೆ ಅದು ತಮ್ಮ ಬಾಟಲಿ ಅನ್ನಿಸುವುದೇ ಇಲ್ಲ. ಮುಗಿದಾಗ ಹೇಗೆ ಕಾಣಬೇಕು ಎಂಬುದು ಗೊತ್ತಿದ್ದರೆ ಮಗು "ಏನು ಕಡಿಮೆ ಇದೆ" ಎಂದು ಹೋಲಿಸಿ ನೋಡಬಲ್ಲದು. ಮುಂದಿನದನ್ನು ನೆನಪಿಟ್ಟುಕೊಳ್ಳುವ ಭಾರ ಇದರಿಂದ ಇಳಿಯುತ್ತದೆ.

ಆಮೇಲೆ ಜಾಗ. ಬಾಗಿಲ ಹತ್ತಿರ ಒಂದು ಅಗಲವಾದ ತಟ್ಟೆಯನ್ನೋ ಬುಟ್ಟಿಯನ್ನೋ ಇಡಿ. ಅದೂ ಬೇಡವೆಂದರೆ ನೆಲಕ್ಕೆ ಬಣ್ಣದ ಟೇಪ್‌ನಿಂದ ಒಂದು ಚೌಕ ಅಂಟಿಸಿ. ಶಾಲೆಗೆ ಹೋಗಬೇಕಾದ ಯಾವುದೇ ವಸ್ತು ಅಲ್ಲಿಗೇ ಬರಬೇಕು. ಮನೆಯ ನಾಲ್ಕು ಮೂಲೆಯಿಂದ ಸಾಮಾನು ಕೂಡಿಸಬೇಕಾದರೆ ದಾರಿಯಲ್ಲಿ ನಾಲ್ಕು ಕಡೆ ಮನಸ್ಸು ಸೆಳೆಯುತ್ತದೆ.

ಮೂರನೆಯದು ಪಟ್ಟಿ. ನಾಲ್ಕೈದು ಚಿತ್ರ ಸಾಕು. ಏಳಕ್ಕಿಂತ ಹೆಚ್ಚಾದರೆ ಅದನ್ನು ಎರಡು ಕೆಲಸವಾಗಿ ಒಡೆಯಿರಿ. ರಟ್ಟಿನ ತುಂಡಿಗೆ ಚಿತ್ರಗಳನ್ನು ವೆಲ್ಕ್ರೋದಿಂದ ಅಂಟಿಸಿ, ಎಡಗಡೆ "ಬಾಕಿ", ಬಲಗಡೆ "ಆಯ್ತು" ಎಂದು ಬರೆಯಿರಿ. ಒಂದು ವಸ್ತು ಬ್ಯಾಗಿಗೆ ಇಳಿದ ಮೇಲೆ ಅದರ ಚಿತ್ರ ಬಲಕ್ಕೆ ಹೋಗುತ್ತದೆ. ಪಟ್ಟಿ ಮಗುವಿನ ಕಣ್ಣಿನ ಮಟ್ಟದಲ್ಲಿ, ಬ್ಯಾಗಿನ ಪಕ್ಕದಲ್ಲೇ ಇರಬೇಕು. ಫ್ರಿಜ್ ಬಾಗಿಲ ಮೇಲಿನ ಪಟ್ಟಿ ಫ್ರಿಜ್ ತೆರೆಯುವವರಿಗಷ್ಟೇ ಉಪಯೋಗ.

ಇಲ್ಲಿ ತಪ್ಪುವುದು ಎಲ್ಲಿ?

ಒಂದು, ಮಗು ಎಲ್ಲ ಚಿತ್ರವನ್ನೂ ಒಮ್ಮೆಲೇ ಬಲಕ್ಕೆ ಸರಿಸಿ "ಆಯ್ತು" ಅನ್ನುತ್ತದೆ. ಚಿತ್ರ ಸರಿಸುವುದೇ ಕೆಲಸ ಎಂದು ಅದು ತಿಳಿದಿದೆ. ಚಿತ್ರವನ್ನು ಕಿತ್ತು ಕೈಯಲ್ಲಿ ಹಿಡಿದು, ವಸ್ತುವಿನ ಹತ್ತಿರ ಹೋಗಿ, ಎರಡನ್ನೂ ಜೊತೆಗೆ ತರುವ ಆಟ ಮಾಡಿಸಿ. ನಾಲ್ಕೈದು ದಿನದಲ್ಲಿ ನೇರವಾಗುತ್ತದೆ.

ಎರಡು, ಎರಡು ಮೂರು ವಾರ ಚೆನ್ನಾಗಿ ನಡೆದು ಪಟ್ಟಿ ಕಣ್ಣಿಗೇ ಬೀಳದಂತಾಗುತ್ತದೆ. ಹೊಸತನ ಹೋಗಿದೆ, ಅಷ್ಟೆ. ಹಾಳೆಯ ಬಣ್ಣ ಬದಲಿಸಿ, ಒಂದಡಿ ಆಚೆ ಅಂಟಿಸಿ, ಇಲ್ಲವೇ ಚಿತ್ರಗಳನ್ನು ಮಗುವಿನಿಂದಲೇ ಬರೆಸಿ.

ಮೂರನೆಯ ತಪ್ಪು ದೊಡ್ಡವರದು, ಅತಿ ಸಾಮಾನ್ಯವಾದದ್ದೂ ಅದೇ: ಪಟ್ಟಿಯ ಪಕ್ಕ ನಿಂತು ಅದನ್ನು ಗಟ್ಟಿಯಾಗಿ ಓದುವುದು. "ಪುಸ್ತಕ ಹಾಕಿದ್ಯಾ? ಡೈರಿ? ಬಾಟಲಿ?" ಆಗ ಮಗುವಿನ ಸೂಚನೆ ಪಟ್ಟಿಯಿಂದ ಬರುವುದಿಲ್ಲ, ನಿಮ್ಮ ಬಾಯಿಂದ ಬರುತ್ತದೆ. ನೀವು ಊರಲ್ಲಿಲ್ಲದ ದಿನ ಬ್ಯಾಗ್ ಖಾಲಿ.

ನೆರವಿನ ಏಣಿ

ಮಗು ನಿಂತಾಗ ಕೆಳಗಿನ ಕ್ರಮದಲ್ಲೇ ನೆರವು ಕೊಡಿ, ಮೇಲಿನ ಮೆಟ್ಟಿಲು ಸಾಕಾದರೆ ಕೆಳಗೆ ಇಳಿಯಬೇಡಿ.

1. ಸುಮ್ಮನೆ ಕಾಯಿರಿ, ಮನಸ್ಸಿನಲ್ಲಿ ಹತ್ತು ಎಣಿಸುತ್ತಾ. ಈ ಹತ್ತು ಸೆಕೆಂಡ್ ಬಹಳ ಉದ್ದ ಅನ್ನಿಸುತ್ತದೆ. ಹೆಚ್ಚಿನವರು ಎರಡು ಮೂರು ಸೆಕೆಂಡಿಗೇ ಬಾಯಿ ತೆರೆಯುತ್ತಾರೆ, ಮಗುವಿನ ಯೋಚನೆ ಆಗಷ್ಟೇ ಹೊರಟಿರುತ್ತದೆ.
2. ಮಾತಿಲ್ಲದೆ ಪಟ್ಟಿಯ ಕಡೆ ನೋಡಿ, ಅಥವಾ ಬೆರಳು ತೋರಿಸಿ.
3. ಉತ್ತರ ಅಡಗಿರದ ಪ್ರಶ್ನೆ ಕೇಳಿ: "ಈಗ ಎಲ್ಲಿದ್ದೀಯ?", "ಏನು ಬಾಕಿ?"
4. ಒಂದೇ ಹೆಜ್ಜೆ ಹೇಳಿ: "ಡೈರಿ."
5. ಜೊತೆಗೆ ನಿಂತು ಆ ಹೆಜ್ಜೆಯನ್ನು ಮಾಡಿಸಿ.

ತೀರಾ ಕಷ್ಟಪಡುವ ಮಗುವಿಗೆ ಹಿಂದಿನಿಂದ ಕಲಿಸುವುದು ಒಳ್ಳೆಯದು. ಮೊದಲ ವಾರ ನೀವೇ ಎಲ್ಲ ತುಂಬಿ, ಕೊನೆಯ ವಸ್ತು ಹಾಕಿ ಜಿಪ್ ಎಳೆಯುವುದನ್ನು ಮಗುವಿಗೆ ಬಿಡಿ. ಮುಂದಿನ ವಾರ ಕೊನೆಯ ಎರಡು ವಸ್ತು, ಅದರ ಮುಂದಿನ ವಾರ ಮೂರು. ಪ್ರತಿ ರಾತ್ರಿಯೂ ಕೆಲಸ ಮುಗಿಸಿದ್ದು ತಾನೇ ಎಂಬ ಭಾವ ಮಗುವಿಗೆ ಉಳಿಯುತ್ತದೆ.

ಉಪಾಯ ಮಗುವಿನದೇ ಇರಲಿ

ಕೆನಡಾದ ಓಟಿಗಳಾದ ಹೆಲೀನ್ ಪೊಲಟೈಕೊ ಮತ್ತು ಏಂಜೆಲಾ ಮ್ಯಾಂಡಿಚ್ ರೂಪಿಸಿದ ಕೋ-ಆಪ್ ಎಂಬ ವಿಧಾನವಿದೆ. ಮೊದಲು ಅದನ್ನು ಬಳಸಿದ್ದು ಚಲನೆಯ ಹೊಂದಾಣಿಕೆಯಲ್ಲಿ ತೊಂದರೆ ಇದ್ದ ಮಕ್ಕಳಿಗೆ. ನಾಲ್ಕು ಪದಗಳ ಚಕ್ರ ಅದು: ಗುರಿ, ಉಪಾಯ, ಮಾಡು, ನೋಡು. ಸರಿಯಾದ ಉಪಾಯವನ್ನು ಚಿಕಿತ್ಸಕರು ಹೇಳಿಕೊಡುವುದಿಲ್ಲ. ಮಗುವೇ ಕಂಡುಕೊಳ್ಳುವ ಹಾಗೆ ಪ್ರಶ್ನೆ ಕೇಳುತ್ತಾರೆ.

"ಗುರಿ ಏನು?"
"ಡೈರಿ ಮರೀಬಾರ್ದು."
"ನಿನ್ನ ಉಪಾಯ?"
"ಜ್ಞಾಪಕ ಇಟ್ಕೋತೀನಿ."

ಇಲ್ಲಿ ನಗಬೇಡಿ, ತಿದ್ದಲೂ ಬೇಡಿ. ಒಂದು ದಿನ ಅದನ್ನೇ ಮಾಡಲಿ. ಮರುದಿನ ಸಂಜೆ: "ಉಪಾಯ ಕೆಲಸ ಮಾಡ್ತಾ?" "ಇಲ್ಲ." "ಎಲ್ಲಿ ಕೈಕೊಡ್ತು?" "ಡೈರಿ ಮೇಜಿನ ಮೇಲಿತ್ತು, ನಾನು ನೋಡ್ಲೇ ಇಲ್ಲ." "ಹಾಗಾದ್ರೆ ಹೊಸ ಉಪಾಯ?" "ಬರೆದ ತಕ್ಷಣ ಬ್ಯಾಗಿನ ಮೇಲೆ ಇಡ್ತೀನಿ."

"ನೀನು ಯಾಕೆ ಮರೆತೆ?" ಎಂದರೆ ಮಗು ಆರೋಪಿ, "ಉಪಾಯ ಎಲ್ಲಿ ಕೈಕೊಡ್ತು?" ಎಂದರೆ ಮಗು ತನಿಖೆ ಮಾಡುವವನು. ಆರೇಳು ವರ್ಷದ ಮೇಲಿನ, ಮಾತಿನಲ್ಲಿ ಹೇಳಿಕೊಳ್ಳಬಲ್ಲ ಮಕ್ಕಳಿಗೆ ಇದು ಒಗ್ಗುತ್ತದೆ. ಇನ್ನೂ ಚಿಕ್ಕವರಿಗೆ ಚಿತ್ರ ಮತ್ತು ಜಾಗದ ವ್ಯವಸ್ಥೆಯೇ ಸಾಕು.

ಸಮಯ ಕಣ್ಣಿಗೆ ಕಾಣಬೇಕು

"ಇನ್ನು ಇಪ್ಪತ್ತು ನಿಮಿಷ" ಎಂಬ ಮಾತಿಗೆ ಇಂಥ ಮಕ್ಕಳಿಗೆ ಉದ್ದ ಅಗಲ ಇರುವುದಿಲ್ಲ. ಡಿಜಿಟಲ್ ಗಡಿಯಾರ ತೋರಿಸುವುದೂ ಬರೀ ಅಂಕಿ. ಗಾಜಿನ ಮುಖದ ಮುಳ್ಳಿನ ಗಡಿಯಾರ ತಂದು, ವೈಟ್‌ಬೋರ್ಡ್ ಮಾರ್ಕರ್‌ನಿಂದ ಗಾಜಿನ ಮೇಲೆಯೇ ಕೆಲಸದ ಹೊತ್ತನ್ನು ತುಂಡಿನಂತೆ ಬಣ್ಣ ಬಳಿಯಿರಿ. 6:00ರಿಂದ 6:20ರವರೆಗೆ ಹೋಮ್‌ವರ್ಕ್ ಎಂದರೆ 12ರಿಂದ 4ರವರೆಗೆ ಒಂದು ಹೋಳು. 6:10ಕ್ಕೆ, ಅಂದರೆ 2ರ ಮೇಲೆ ಒಂದು ಗೆರೆ. ದೊಡ್ಡ ಮುಳ್ಳು ಆ ಗೆರೆ ಮುಟ್ಟಿದಾಗ ಮಗು ತಾನೇ ಕೇಳಿಕೊಳ್ಳಬೇಕು: ಅರ್ಧ ಆಯಿತೇ? ಇಲ್ಲವಾದರೆ ಏನು ಬದಲಿಸಲಿ? ಈ ನಡುವಿನ ಗೆರೆಗೇ ಬೆಲೆ ಹೆಚ್ಚು. ಬರೀ ಕೊನೆಯಲ್ಲಿ ಕೂಗುವ ಅಲಾರಂ, ಹೊತ್ತು ಮೀರಿದ ಮೇಲೆ ಸುದ್ದಿ ಕೊಡುತ್ತದೆ.

ಅಂದಾಜಿನ ಆಟವನ್ನೂ ಸೇರಿಸಿ. ಹಲ್ಲುಜ್ಜಲು, ಶೂ ಹಾಕಲು ಎಷ್ಟು ನಿಮಿಷ ಎಂದು ಮೊದಲು ಊಹಿಸಿ ಬರೆಯಲಿ, ಆಮೇಲೆ ಅಳೆಯಲಿ. ಹೋಲಿಸಿ ನೋಡಿದರೆ ಸಾಕು, ಭಾಷಣ ಬೇಡ. ಓಡುವ ಗಡಿಯಾರ ಕಂಡರೇ ಗಾಬರಿಯಾಗುವ ಮಕ್ಕಳೂ ಇದ್ದಾರೆ. ಅವರಿಗೆ ಹೊತ್ತಿನ ಬದಲು ಎಣಿಕೆ ಕೊಡಿ: ಇನ್ನು ಮೂರು ಲೆಕ್ಕ, ಆಮೇಲೆ ಬಿಡುವು.

ನಿರೀಕ್ಷೆಯ ವಿಚಾರದಲ್ಲಿ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ಸ್ಥಿತಿ) ತಜ್ಞ ರಸೆಲ್ ಬಾರ್ಕ್ಲಿ ಹೇಳುವ ಒಂದು ಸ್ಥೂಲ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಎಡಿಎಚ್‌ಡಿ ಇರುವ ಮಗುವಿನ ಸ್ವನಿಯಂತ್ರಣ ವಯಸ್ಸಿಗಿಂತ ಸುಮಾರು ಶೇ 30ರಷ್ಟು ಹಿಂದಿದೆ ಎಂದುಕೊಳ್ಳಿ. ಹತ್ತು ವರ್ಷದವನಿಗೆ ಏಳು ವರ್ಷದವನಿಗೆ ಕೊಡುವಷ್ಟು ನೆರವು ಕೊಡಿ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ.

ಶುರು ಮಾಡುವುದು, ಬಿಡುವುದು

ಶುರು ಆಗದ ಕೆಲಸಕ್ಕೆ ಮೊದಲ ಹೆಜ್ಜೆಯನ್ನು ನಗು ಬರುವಷ್ಟು ಚಿಕ್ಕದಾಗಿಸಿ: ಪುಸ್ತಕ ತೆರೆ, ದಿನಾಂಕ ಬರೆ, ಒಂದನೇ ಲೆಕ್ಕದ ಸಂಖ್ಯೆ ಬರೆ. ಅಷ್ಟಕ್ಕೆ ಎರಡು ನಿಮಿಷ. ಜೊತೆಗೆ "ಆದಾಗ–ಆಗ" ವಾಕ್ಯ ಒಂದನ್ನು ಕಟ್ಟಿಸಿ. "ಬಟ್ಟಲು ತೊಳೆದಿಟ್ಟ ಕೂಡಲೇ ಮೇಜಿಗೆ ಹೋಗಿ ಪುಸ್ತಕ ತೆರೀತೀನಿ." ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಸರ್ ಅಧ್ಯಯನ ಮಾಡಿದ ಕ್ರಮ ಇದು. "ಸಂಜೆ ಓದ್ತೀನಿ" ಎನ್ನುವುದಕ್ಕಿಂತ, ಕಣ್ಣಿಗೆ ಕಾಣುವ ಒಂದು ಘಟನೆಗೆ ಕೆಲಸವನ್ನು ಗಂಟು ಹಾಕಿದರೆ ಕೈಗೂಡುವ ಸಾಧ್ಯತೆ ಹೆಚ್ಚು.

ಹಿಡಿದದ್ದನ್ನು ಬಿಡಿಸುವಾಗ "ಐದು ನಿಮಿಷ ಅಷ್ಟೇ" ಎಂಬ ಎಚ್ಚರಿಕೆ ಗಾಳಿಗೆ ಹೋಗುತ್ತದೆ. ಹತ್ತಿರ ಹೋಗಿ, ಮಗುವಿನ ಆಟವನ್ನೇ ಅಳತೆಯಾಗಿಸಿ: "ಇನ್ನು ಎರಡು ಬ್ಲಾಕ್ ಇಟ್ಟು ನಿಲ್ಲಿಸೋಣ." ಅರ್ಧ ಕಟ್ಟಿದ್ದನ್ನು ಕೆಡವಿಸದೆ ಒಂದು ತಟ್ಟೆಯಲ್ಲಿ ಎತ್ತಿಡಿ, ಮೇಲೆ "ಮುಂದುವರಿಯುವುದು" ಎಂದು ಚೀಟಿ ಅಂಟಿಸಿ. ಅಳುವಿನ ಅರ್ಧ ಭಾಗ ಆಟ ಹೋಯಿತೆಂದಲ್ಲ, ಕಟ್ಟಿದ್ದು ಹಾಳಾಯಿತೆಂದು.

ಆಟ, ಮೈ, ಕುರ್ಚಿ

"ತಲೆ ಅಂದ್ರೆ ಕಾಲು ಮುಟ್ಟು, ಕಾಲು ಅಂದ್ರೆ ತಲೆ ಮುಟ್ಟು", ಸಂಗೀತ ನಿಂತಾಗ ಕಲ್ಲಾಗುವ ಆಟ, ನಿಯಮ ಬದಲಾಗುತ್ತಲೇ ಇರುವ ಕಾರ್ಡಿನಾಟ ಇವು ದಿನಕ್ಕೆ ಹತ್ತು ನಿಮಿಷ ಇದ್ದರೆ ಒಳ್ಳೆಯದು. ಅತಿಯಾದ ಆಸೆ ಬೇಡ. ಅಭ್ಯಾಸದ ಲಾಭ ಅಭ್ಯಾಸ ಮಾಡಿದ್ದರ ಸುತ್ತಲೇ ಇರುತ್ತದೆ, ದೂರ ಹರಡುವುದಿಲ್ಲ. ಕಂಪ್ಯೂಟರಿನ ನೆನಪಿನ ಆಟದಲ್ಲಿ ನಿಪುಣನಾದವನು ಆ ಆಟದಲ್ಲಿ ನಿಪುಣ, ಡೈರಿ ಮನೆಯಲ್ಲೇ ಇರುತ್ತದೆ. ಹಾಗಾಗಿ ಬ್ಯಾಗ್ ತುಂಬುವುದು ಬರಬೇಕಾದರೆ ಬ್ಯಾಗ್ ತುಂಬುವುದನ್ನೇ ಅಭ್ಯಾಸ ಮಾಡಿಸಬೇಕು.

ಓದಲು ಕೂರುವ ಮುನ್ನ ಐದು ಹತ್ತು ನಿಮಿಷ ಜಿಗಿಯುವುದು, ಗೋಡೆ ತಳ್ಳುವುದು, ಪುಸ್ತಕದ ಕಟ್ಟು ಹೊತ್ತು ಇನ್ನೊಂದು ಕೋಣೆಗೆ ಸಾಗಿಸುವುದು ಹಲವು ಮಕ್ಕಳಿಗೆ ಹಿಡಿಸುತ್ತದೆ. ಮಾಡಿಸಿ ನೋಡಿ, ಕೂರುವ ಹೊತ್ತು ಹೆಚ್ಚಿದರೆ ಉಳಿಸಿಕೊಳ್ಳಿ. ಗಮನ ಹೆಚ್ಚಿಸುತ್ತದೆ ಎಂದು ಮಾರುವ ಭಾರದ ಜಾಕೆಟ್‌ಗಳಿಗೆ ಪುರಾವೆ ದುರ್ಬಲ, ಅದಕ್ಕೆ ಹಣ ಸುರಿಯಬೇಡಿ. ಅದರ ಬದಲು ಕುರ್ಚಿ ನೋಡಿ: ಪಾದ ಪೂರ್ತಿ ನೆಲಕ್ಕೆ ತಾಗುತ್ತಿದೆಯೇ, ಮೊಣಕೈ ಮೇಜಿನ ಮಟ್ಟದಲ್ಲಿದೆಯೇ. ಕಾಲು ತೂಗಾಡುತ್ತಿದ್ದರೆ ಕೆಳಗೆ ಗಟ್ಟಿ ಪೆಟ್ಟಿಗೆ ಇಡಿ.

ನೆರವು ಹಿಂತೆಗೆಯುವ ಕ್ರಮ

ಎರಡು ವಾರ ಸತತವಾಗಿ ಐದರಲ್ಲಿ ನಾಲ್ಕು ದಿನ ಗುರಿ ಮುಟ್ಟಿದ ಮೇಲೆ ಒಂದೇ ಒಂದು ನೆರವನ್ನು ಕಡಿಮೆ ಮಾಡಿ. ಮೊದಲು ಹೋಗಬೇಕಾದ್ದು ನಿಮ್ಮ ಮಾತು. ಆಮೇಲೆ ನೀವು ಪಕ್ಕದಲ್ಲಿ ನಿಲ್ಲುವುದು: ಮೊದಲು ಎರಡು ಹೆಜ್ಜೆ ದೂರ, ನಂತರ ಪಕ್ಕದ ಕೋಣೆ. ಅದಾದ ಮೇಲೆ ಚಿತ್ರದ ಜಾಗಕ್ಕೆ ಬರಹ. ಪಟ್ಟಿಯನ್ನೇ ತೆಗೆಯುವ ಆತುರ ಬೇಡ, ದೊಡ್ಡವರೂ ಚೀಟಿ ಬರೆದುಕೊಂಡೇ ಅಂಗಡಿಗೆ ಹೋಗುತ್ತಾರೆ. ಜ್ವರ, ರಜೆ, ಪರೀಕ್ಷೆಯ ನಂತರ ಎಲ್ಲವೂ ಜಾರುತ್ತದೆ. ಆಗ ಒಂದು ಮೆಟ್ಟಿಲು ಹಿಂದೆ ಬಂದು ಒಂದು ವಾರ ನಿಲ್ಲಿ. "ಕಲಿತಿದ್ದೆಲ್ಲ ಹೋಯಿತು" ಎಂದು ಕೈಚೆಲ್ಲಬೇಡಿ.

ಓಟಿಯ ಬಳಿ ಹೋಗುವಾಗ

ಆರೆಂಟು ವಾರ ಇಷ್ಟೆಲ್ಲ ಮಾಡಿಯೂ ಅಲುಗಾಡದಿದ್ದರೆ, ಬರವಣಿಗೆ, ಗುಂಡಿ, ಚಮಚ ಹಿಡಿಯುವುದೂ ಕಷ್ಟವಾಗಿದ್ದರೆ, ಶಾಲೆಯಲ್ಲೂ ಇದೇ ದೂರು ಇದ್ದರೆ ಓಟಿಯನ್ನು ಕಾಣಿ. ಅವರು ಪೋಷಕರಿಗೂ ಶಿಕ್ಷಕರಿಗೂ ಬ್ರೀಫ್‌ನಂಥ ಪ್ರಶ್ನಾವಳಿ (ಮಗುವಿನ ಕಾರ್ಯನಿರ್ವಾಹಕ ಕೌಶಲಗಳನ್ನು ಅಳೆಯುವಂಥದು) ಕೊಡಬಹುದು. ಎರಡರ ಉತ್ತರ ಹೊಂದದಿದ್ದರೆ ಬೇಸರ ಬೇಡ, ಮನೆಯಲ್ಲಿ ಇಲ್ಲದ ಯಾವ ನೆರವು ಶಾಲೆಯಲ್ಲಿದೆ, ಅಥವಾ ಅದರ ತಿರುವುಮುರುವು, ಎಂಬ ಸುಳಿವು ಅಲ್ಲೇ ಸಿಗುತ್ತದೆ.

ಜೊತೆಗೆ ಒಯ್ಯಬೇಕಾದ್ದು: ಮೂರು ದಿನದ ಟಿಪ್ಪಣಿ, ಕಷ್ಟದ ಹೊತ್ತಿನ ಎರಡು ನಿಮಿಷದ ವಿಡಿಯೋ, ಈವರೆಗೆ ಮಾಡಿ ನೋಡಿದ್ದರ ಪಟ್ಟಿ, ಮಗು ಬರೆದ ಒಂದು ನೋಟ್‌ಬುಕ್. ಕೇಳಬೇಕಾದ ಪ್ರಶ್ನೆ ಎರಡು: ಮುಂದಿನ ಭೇಟಿಯೊಳಗೆ ಮನೆಯಲ್ಲಿ ಏನು ಬದಲಾಗಬೇಕು? ಅದು ಬದಲಾಯಿತೆಂದು ಹೇಗೆ ಅಳೆಯುವುದು? ಎರಡಕ್ಕೂ ಉತ್ತರ ಸಿಗದೆ ವಾರಕ್ಕೊಮ್ಮೆ ಮುಚ್ಚಿದ ಕೋಣೆಯಲ್ಲಿ ಮಣಿ ಪೋಣಿಸುವುದಷ್ಟೇ ನಡೆಯುತ್ತಿದ್ದರೆ, ಒಂದು ಸೆಷನ್ನನ್ನಾದರೂ ಬ್ಯಾಗ್ ತಂದು ಬ್ಯಾಗಿನ ಮೇಲೆಯೇ ಮಾಡಿಸಿ ಎಂದು ಕೇಳಿ.